ಹೊಂಗೆ ಚಿಗುರೋ ಹೊತ್ತಿಗೆ ನೋಡ್ಬೇಕಾದ ನಾಲ್ಕು ಸಿನಿಮಾ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ ಅಂತಾರಲ್ಲ, ಅದು ಹೋದ ಮಾರನೇ ವಾರದಿಂದಲೇ ನಮ್ಮ ಬೀದಿಯ ಹೊಂಗೆ ಮರ ಎಲೆ ಉದುರಿಸೋಕೆ ಶುರು ಮಾಡುತ್ತೆ. ನಾಲ್ಕೈದು ದಿನ ಬೋಳಾಗಿ ನಿಂತಿರುತ್ತೆ, ಆಮೇಲೆ ಒಂದಿನ ಬೆಳಗ್ಗೆ ಹಾಲು ತರೋಕೆ ಹೋಗುವಾಗ ತಲೆ ಎತ್ತಿ ನೋಡಿದ್ರೆ ಎಣ್ಣೆ ಸವರಿದ ಹಾಗೆ ಮಿರಮಿರ ಮಿನುಗೋ ಚಿಗುರು. ಪ್ರತಿ ವರ್ಷ ನೋಡಿದ್ರೂ ಪ್ರತಿ ವರ್ಷ ಅಲ್ಲೇ ಎರಡು ನಿಮಿಷ ನಿಂತ್ಬಿಡ್ತೀನಿ. ಯುಗಾದಿ ಹತ್ರ ಬಂತು ಅಂತ ನನಗೆ ಕ್ಯಾಲೆಂಡರ್‌ಗಿಂತ ಮೊದಲು ಹೇಳೋದು ಆ ಮರನೇ.

ಈ ಹೊತ್ತಲ್ಲಿ ನೋಡೋಕೆ ಸಿನಿಮಾ ಹೇಳಿ ಅಂತ ಫ್ರೆಂಡ್ಸ್ ಕೇಳ್ತಾನೇ ಇರ್ತಾರೆ. ಕನ್ನಡದಲ್ಲೇ ಹುಡುಕೋಣ ಅಂತ ಕೂತ್ರೆ ಒಂದು ವಿಷಯ ಗೊತ್ತಾಗುತ್ತೆ, ನಮ್ಮ ಸಿನಿಮಾದ ಋತು ವಸಂತ ಅಲ್ಲ, ಮಳೆ. 2006ರಲ್ಲಿ ಮುಂಗಾರು ಮಳೆ ಬಂದ ಮೇಲಂತೂ ಪ್ರೀತಿ ಅಂದ್ರೆ ಮಳೇಲಿ ನೆನೆಯೋದು ಅಂತ ಆಗೋಯ್ತು. ಹೆಸರಲ್ಲಿ ವಸಂತ ಚೈತ್ರ ಇರೋ ಸಿನಿಮಾಗಳಿವೆ, 1980ರ ವಸಂತ ಗೀತ ಇದೆ, 1992ರ ಚೈತ್ರದ ಪ್ರೇಮಾಂಜಲಿ ಇದೆ, ಎರಡೂ ನನಗೆ ಇಷ್ಟಾನೇ, ಆದ್ರೆ ಚಿಗುರು ನೋಡಿದಾಗ ಎದೇಲಿ ಆಗೋ ಆ ಒಂಥರಾ ಖುಷಿ ಒಂಥರಾ ಸಂಕಟ ಅವುಗಳಲ್ಲಿ ನನಗೆ ಸಿಗಲಿಲ್ಲ. ಅದಕ್ಕೆ ಇನ್ನೊಂದು ಕಾರಣನೂ ಇರಬಹುದು ಅನ್ಸುತ್ತೆ, ನಮಗೆಲ್ಲ ವಸಂತ ಅಂದ್ರೆ ಪರೀಕ್ಷೆ ಕಾಲ. ಬೆಳಗಿನ ಜಾವ ನಾಲ್ಕೂವರೆಗೆ ಅಲಾರಂ ಇಟ್ಟು ಎದ್ದು ಓದ್ತಾ ಕೂತಾಗ ಕೋಗಿಲೆ ಕೂಗ್ತಿತ್ತಲ್ಲ, ಈಗಲೂ ಕೋಗಿಲೆ ಕೂಗಿದ್ರೆ ನನಗೆ ಮೊದಲು ನೆನಪಾಗೋದು ಹಾಲ್ ಟಿಕೆಟ್ಟು.

ಆ ಸಂಕಟ ಏನು ಅಂತ ಸರಿಯಾಗಿ ಹೇಳಿದ್ದು ಬೇಂದ್ರೆ. ಯುಗಾದಿ ಪದ್ಯ ಎಲ್ಲರಿಗೂ ಗೊತ್ತು, 1963ರ ಕುಲವಧು ಸಿನಿಮಾದಲ್ಲಿ ಎಸ್. ಜಾನಕಿ ಹಾಡಿದ್ದು, ಜಿ.ಕೆ. ವೆಂಕಟೇಶ್ ಸಂಗೀತ. ಹಬ್ಬದ ದಿನ ಎಲ್ಲಾ ಕಡೆ ಹಾಕ್ತಾರೆ, ಖುಷಿ ಹಾಡು ಅಂತಾನೇ ಕೇಳ್ತೀವಿ. ಆದ್ರೆ ಒಂದ್ಸಲ ಕೂತು ಪದ ಪದ ಕೇಳಿ. ಹೊಂಗೆ ಹೂವು, ದುಂಬಿ, ಬೇವಿನ ಕಹಿ ಎಲ್ಲಾ ಹೇಳ್ತಾ ಹೇಳ್ತಾ ಕೊನೆಗೆ ಅವರು ಕೇಳೋದು, ಗಿಡಮರಕ್ಕೆಲ್ಲ ವರ್ಷ ವರ್ಷ ಹೊಸ ಹುಟ್ಟು ಬರುತ್ತಲ್ಲ, ನಮಗೆ ಯಾಕೆ ಒಂದೇ ಜನ್ಮ ಒಂದೇ ಬಾಲ್ಯ ಒಂದೇ ಹರೆಯ ಅಂತ. ನನ್ನ ಪ್ರಕಾರ ಒಳ್ಳೇ ವಸಂತದ ಸಿನಿಮಾ ಅಂದ್ರೆ ಈ ಪ್ರಶ್ನೆ ಒಳಗಿಟ್ಕೊಂಡಿರೋ ಸಿನಿಮಾ. ಬರೀ ಹೂ ತೋರಿಸಿದ್ರೆ ಸಾಲಲ್ಲ.

ಮೊದಲನೇದು ಲೇಟ್ ಸ್ಪ್ರಿಂಗ್, 1949, ಜಪಾನ್‌ನ ಯಸುಜಿರೊ ಓಜು ಅವರದ್ದು. ಬ್ಲ್ಯಾಕ್ ಆಂಡ್ ವೈಟ್, 108 ನಿಮಿಷ. ಚೆರ್ರಿ ಹೂವಿನ ಗುಲಾಬಿ ಬಣ್ಣ ನೋಡೋಣ ಅಂತ ಕೂತ್ರೆ ನಿರಾಸೆ ಆಗುತ್ತೆ ಅಂತ ಮೊದಲೇ ಹೇಳ್ಬಿಡ್ತೀನಿ. ಕಥೆ ಒಂದೇ ಲೈನು. ಕಮಾಕುರಾ ಅನ್ನೋ ಊರಲ್ಲಿ ಹೆಂಡತಿ ತೀರ್ಕೊಂಡಿರೋ ಪ್ರೊಫೆಸರ್ ಒಬ್ಬರು, ಅವರ 27 ವರ್ಷದ ಮಗಳು ನೊರಿಕೊ. ಅಪ್ಪನ್ನ ನೋಡ್ಕೊಂಡು ಇದ್ಬಿಡ್ತೀನಿ ಮದುವೆ ಬೇಡ ಅಂತಾಳೆ, ಸೋದರತ್ತೆ ಬಿಡಲ್ಲ. ಈ ಸೋದರತ್ತೆ ಇದ್ದಾರಲ್ಲ, ಅವರನ್ನ ನೋಡಿದ್ರೆ ನಮ್ಮನೆ ಪಕ್ಕದಲ್ಲೇ ಇದ್ದಾರೆ ಅನ್ಸುತ್ತೆ, ಗಂಡು ಹುಡುಕೋದು, ಮಾತುಕತೆ ಮುಂದೆ ತರೋದು, ದೇವಸ್ಥಾನದ ಹತ್ರ ಯಾರೋ ಬೀಳಿಸಿದ ಪರ್ಸ್ ಸಿಕ್ಕಿದ್ರೆ ಶುಭಶಕುನ ಅಂತ ಎತ್ತಿ ಸಿಕ್ಕಿಸ್ಕೊಂಡು ಹೊರಟೇಬಿಡೋದು. ಕೊನೆಗೆ ಮಗಳನ್ನ ಒಪ್ಪಿಸೋಕೆ ಅಪ್ಪ, ನಾನೂ ಮತ್ತೆ ಮದುವೆ ಆಗ್ತೀನಿ ಅನ್ನೋ ಹಾಗೆ ನಂಬಿಸ್ತಾರೆ.

ಕ್ಯಾಮೆರಾ ಪೂರ್ತಿ ನೆಲದ ಹತ್ರ ಇರುತ್ತೆ, ನಾವೇ ಅವರ ಮನೇಲಿ ಚಾಪೆ ಮೇಲೆ ಕೂತಿರೋ ಹಾಗೆ. ಮೊದಲ ಇಪ್ಪತ್ತು ನಿಮಿಷ ಏನೂ ನಡೀತಿಲ್ಲ ಅನ್ಸುತ್ತೆ, ದಯವಿಟ್ಟು ಫೋನ್ ಕೈಗೆ ತಗೋಬೇಡಿ. ನೊರಿಕೊ ಪಾತ್ರ ಮಾಡಿರೋ ಸೆತ್ಸುಕೊ ಹಾರಾ ಮುಖಾನೇ ನೋಡ್ತಿರಿ, ಶುರುವಲ್ಲಿ ಸಮುದ್ರದ ಪಕ್ಕ ಸೈಕಲ್ ಓಡಿಸ್ಕೊಂಡು ನಗ್ತಾ ಹೋಗೋ ಹುಡುಗಿ, ಆಮೇಲೆ ಒಂದು ನಾಟಕ ನೋಡೋ ಸೀನ್ ಬರುತ್ತೆ, ಅಲ್ಲಿ ಅಪ್ಪ ಇನ್ನೊಬ್ಬ ಹೆಂಗಸಿಗೆ ತಲೆಬಾಗಿ ನಮಸ್ಕಾರ ಮಾಡೋದನ್ನ ನೋಡ್ತಾಳೆ, ಅಷ್ಟೇ, ಒಂದು ಮಾತಿಲ್ಲ, ಮುಖ ಹಂಗೇ ಬಾಡ್ತಾ ಬಾಡ್ತಾ ಹೋಗುತ್ತೆ. ಅವಳ ಗಂಡನ್ನ ಸಿನಿಮಾ ಒಂದ್ಸಲಾನೂ ತೋರಿಸಲ್ಲ, ಮದುವೆನೂ ತೋರಿಸಲ್ಲ. ತೋರಿಸೋದು ಮದುವೆ ಮುಗಿಸಿ ಖಾಲಿ ಮನೆಗೆ ಬಂದ ಅಪ್ಪನ್ನ. ಕುರ್ಚಿ ಮೇಲೆ ಕೂತು ಸೇಬಿನ ಸಿಪ್ಪೆ ಸುಲೀತಾರೆ, ಸಿಪ್ಪೆ ಉದ್ದಕ್ಕೆ ಸುರುಳಿ ಸುರುಳಿ ಇಳೀತಾ ಇರುತ್ತೆ, ಕೈ ನಿಲ್ಲುತ್ತೆ, ತಲೆ ಬಗ್ಗುತ್ತೆ.

ಇದನ್ನ ನಾನು ಮೊದಲ ಸಲ ನೋಡಿದ್ದು ಮೈಸೂರಲ್ಲಿ ಅಪ್ಪನ ಜೊತೆ, ಅಕ್ಕನ ಮದುವೆ ಆಗಿ ತಿಂಗಳಾಗಿತ್ತು. ಅಪ್ಪಂಗೆ ಇಂಗ್ಲಿಷ್ ಸಬ್‌ಟೈಟಲ್ ಅಷ್ಟು ಬೇಗ ಓದೋಕಾಗಲ್ಲ ಅಂತ ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳ್ತಾ ಇದ್ದೆ. ಅರ್ಧ ಆದ ಮೇಲೆ ಹೇಳೋದೇ ಬೇಡ ಅಂದ್ರು, ಗೊತ್ತಾಗ್ತಿದೆ ಬಿಡು ಅಂದ್ರು. ಸೇಬಿನ ಸೀನ್ ಮುಗಿದು ಸಮುದ್ರದ ಅಲೆ ಬಂತು, ಸಿನಿಮಾ ಮುಗೀತು, ಸ್ವಲ್ಪ ಹೊತ್ತು ಸುಮ್ನಿದ್ದು "ಹಂಗಾದ್ರೆ ಆವಯ್ಯ ಮದ್ವೆ ಆಗೋ ವಿಷಯ ಸುಳ್ಳು ಹೇಳಿದ್ದಾ?" ಅಂದ್ರು. ಹೂಂ ಅಪ್ಪ ಅಂದೆ. "ಒಳ್ಳೇದಾಯ್ತು ಬಿಡು" ಅಂತ ಎದ್ದು ಹೋಗಿ ಲೈಟ್ ಹಾಕಿದ್ರು. ಹಾಗಾಗಿ ಈ ಸಿನಿಮಾಗೆ ಐದಕ್ಕೆ ಐದು ಕೊಡ್ತೀನಿ, ಕಮ್ಮಿ ಕೊಡೋಕೆ ನನ್ನಿಂದ ಆಗಲ್ಲ.

ಲೇಟ್ ಸ್ಪ್ರಿಂಗ್ ನೋಡಿ ಮನಸ್ಸು ಭಾರ ಆದ್ರೆ ಮಾರನೇ ದಿನ ಏಪ್ರಿಲ್ ಸ್ಟೋರಿ ನೋಡಿ. 1998ರದ್ದು, ಶುಂಜಿ ಇವಾಯ್ ನಿರ್ದೇಶನ, ಬರೀ 67 ನಿಮಿಷ, ಊಟ ಆದ ಮೇಲೆ ಹಾಕಿದ್ರೆ ನಿದ್ದೆ ಹೊತ್ತಿಗೆ ಮುಗಿಯುತ್ತೆ. ಜಪಾನ್‌ನಲ್ಲಿ ಸ್ಕೂಲು ಕಾಲೇಜು ಶುರು ಆಗೋದೇ ಏಪ್ರಿಲ್‌ನಲ್ಲಿ, ಚೆರ್ರಿ ಹೂ ಉದುರೋ ಹೊತ್ತಿಗೆ, ನಮ್ಮಲ್ಲಿ ಜೂನ್ ಮಳೆ ಜೊತೆ ಶುರು ಆಗುತ್ತಲ್ಲ ಹಾಗೆ. ಉತ್ತರದ ಹಿಮದ ಊರಿಂದ ಉಜುಕಿ ಅನ್ನೋ ಹುಡುಗಿ ಕಾಲೇಜಿಗೆ ಅಂತ ಟೋಕಿಯೋಗೆ ಬರ್ತಾಳೆ. ಉಜುಕಿ ಅಂದ್ರೇನೇ ಹಳೇ ಜಪಾನಿ ಪಂಚಾಂಗದ ನಾಲ್ಕನೇ ತಿಂಗಳು, ನಮ್ಮ ಕಡೆ ಹೆಣ್ಮಕ್ಕಳಿಗೆ ಚೈತ್ರ ಅಂತ ಇಡಲ್ವಾ ಹಾಗೆ.

ಹೂ ಬೇಕು ಅನ್ನೋರಿಗೆ ಇಲ್ಲಿ ಹೂ ಇದೆ. ಸಾಮಾನು ತಂದಿರೋ ಲಾರಿ ಮೇಲೆ, ರಸ್ತೆ ಮೇಲೆ, ಟ್ಯಾಕ್ಸಿಯಿಂದ ಇಳಿಯೋ ಮದುಮಗಳ ಮೇಲೆ, ಎಲ್ಲೆಲ್ಲೂ ಹೂ ಉದುರ್ತಾನೇ ಇರುತ್ತೆ, ಆ ಕಡೆ ಮನೆ ಒಳಗೆ ನೋಡಿದ್ರೆ ಅವಳು ತಂದ ಸಾಮಾನು ಆ ಪುಟ್ಟ ರೂಮಲ್ಲಿ ಹಿಡಿಸ್ತಿಲ್ಲ. ಪಿಜಿಗೆ ಸೇರಿದ ಮೊದಲ ದಿನ ಟ್ರಂಕ್ ಇಡೋಕೆ ಜಾಗ ಇಲ್ಲದೆ ಮಂಚದ ಮೇಲೆ ಕೂತಿದ್ದವರಿಗೆಲ್ಲ ಇದು ಗೊತ್ತು. ಸಂಜೆ ಒಬ್ಬಳೇ ಕೂತು ಪಕ್ಕದ ಮನೆಯವಳನ್ನ ಊಟಕ್ಕೆ ಕರೀತಾಳೆ, ಅವಳು ಬೇಡ ಅಂತಾಳೆ, ಆ ಸೀನ್ ನೋಡುವಾಗ ನಾನು ಬೆಂಗಳೂರಿಗೆ ಬಂದ ಮೊದಲ ವಾರ ಕಣ್ಮುಂದೆ ಬಂತು. ಅವಳು ಅದೇ ಕಾಲೇಜು ಯಾಕೆ ಆರಿಸ್ಕೊಂಡ್ಳು ಅನ್ನೋದು ಕಥೆಯ ಗುಟ್ಟು, ಹೇಳಲ್ಲ. ಕೊನೇಲಿ ಒಂದು ಮಳೆ, ಒಂದು ಕೆಂಪು ಛತ್ರಿ. ಇನ್ನೇನೋ ಆಗುತ್ತೆ ಅನ್ನೋವಾಗಲೇ ಸಿನಿಮಾ ಮುಗಿದೋಗುತ್ತೆ, ಕೆಲವರಿಗೆ ಇದು ಅರ್ಧಕ್ಕೆ ನಿಲ್ಲಿಸಿದ ಹಾಗೆ ಅನ್ಸಬಹುದು. ನನಗೆ ಅದೇ ಸರಿ ಅನ್ಸಿತು, ಹದಿನೆಂಟು ವರ್ಷದಲ್ಲಿ ಎಲ್ಲಾ ಇನ್ನೇನು ಆಗುತ್ತೆ ಅನ್ನೋ ಹಾಗೇ ಇರುತ್ತಲ್ಲ.

ಕನ್ನಡದ್ದು ಒಂದಾದ್ರೂ ಬೇಕು ಅಂದ್ರೆ ನಾನು ಹೇಳೋದು ಬೆಳ್ಳಿಮೋಡ. 1967, ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ನಿರ್ದೇಶನ ಮಾಡಿದ ಮೊದಲ ಸಿನಿಮಾ, ತ್ರಿವೇಣಿ ಅವರ ಕಾದಂಬರಿ, ಕಲ್ಪನಾ ಮತ್ತು ಕಲ್ಯಾಣ್ ಕುಮಾರ್. ಇದು ವಸಂತದ ಸಿನಿಮಾ ಅಂತ ಯಾರೂ ಹೇಳಲ್ಲ, ಆದ್ರೂ ಸೇರಿಸ್ತಿದೀನಿ, ಯಾಕಂದ್ರೆ ಚಿಕ್ಕಮಗಳೂರು ಕಡೆಯ ಕಾಫಿ ತೋಟ. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟಕ್ಕೆ ತೋಟಾನೇ ಬೆಳ್ಳಗಾಗುತ್ತಲ್ಲ, ಮಲ್ಲಿಗೆ ಥರ ಘಮ್ ಅನ್ನುತ್ತಲ್ಲ, ಅದನ್ನ ಒಂದ್ಸಲ ನೋಡಿದವರಿಗೆ ತೋಟದ ಮನೆ ತೆರೆ ಮೇಲೆ ಬಂದ ತಕ್ಷಣ ಆ ವಾಸನೆನೂ ಬರುತ್ತೆ. ಬೇಂದ್ರೆಯವರ ಬೆಳಗು ಪದ್ಯ ಇರೋದೂ ಇದೇ ಸಿನಿಮಾದಲ್ಲಿ, ವಿಜಯಭಾಸ್ಕರ್ ಸಂಗೀತ. ಇದನ್ನ ರಾತ್ರಿ ನೋಡ್ಬೇಡಿ, ಭಾನುವಾರ ಬೆಳಗ್ಗೆ ಕಿಟಕಿ ತೆಗೆದಿಟ್ಕೊಂಡು ನೋಡಿ.

ಕಥೆ ಮಾತ್ರ ಬೆಚ್ಚಗಿನದ್ದಲ್ಲ. ಇಂದಿರಾಳ ಅಪ್ಪನ ದುಡ್ಡಲ್ಲಿ ಓದಿ ಬಂದ ಮೋಹನ, ಆಸ್ತಿಗೆ ಇನ್ನೊಬ್ಬ ವಾರಸುದಾರ ಹುಟ್ಟಿದ್ದಾನೆ ಅಂತ ಗೊತ್ತಾಗಿ ಮದುವೆಯಿಂದ ಹಿಂದೆ ಸರೀತಾನೆ. ಆಮೇಲೆ ಮನಸ್ಸು ಬದಲಾಗಿ ಅವಳು ಬೇಕು ಅಂತ ಬಂದಾಗ ಇಂದಿರಾ ಕೊಡೋ ಉತ್ತರ ಇದೆಯಲ್ಲ, ಅದಕ್ಕೋಸ್ಕರ ಇಡೀ ಸಿನಿಮಾ ನೋಡಬಹುದು. ಕಾಫಿ ಗಿಡ ಮುಂದಿನ ವರ್ಷ ಮತ್ತೆ ಹೂ ಬಿಡುತ್ತೆ, ನಂಬಿಕೆ ಬಿಡಲ್ಲ. ಓಟ ಸ್ವಲ್ಪ ನಿಧಾನ, ಕೆಲವು ಕಡೆ ಮಾತು ಜಾಸ್ತಿ, ನಾನು ನೋಡಿದ ಪ್ರಿಂಟ್‌ನಲ್ಲಿ ಗೀರು ತುಂಬಾ ಇತ್ತು, ಸೌಂಡ್ ಕೂಡ ಕೆಲವು ಸಲ ಒಡೀತಿತ್ತು. ಇಂಥಾ ಸಿನಿಮಾನ ಚೆನ್ನಾಗಿ ಕ್ಲೀನ್ ಮಾಡಿ ಮತ್ತೆ ಥಿಯೇಟರ್‌ಗೆ ತರಬೇಕು, ಇದನ್ನ ನಾನು ಮನಸಾರೆ ಕೇಳ್ತಿದೀನಿ. ಕಲ್ಪನಾ ಅವರ ಕಣ್ಣು ದೊಡ್ಡ ತೆರೆ ಮೇಲೆ ನೋಡೋ ಭಾಗ್ಯ ನಮ್ಮ ವಯಸ್ಸಿನವರಿಗೂ ಸಿಗಲಿ.

ಕೊನೇದು ಲಿಟಲ್ ಫಾರೆಸ್ಟ್. ಕೊರಿಯಾದ್ದು, 2018, ಯಿಮ್ ಸೂನ್-ರ್ಯೆ ಅನ್ನೋ ನಿರ್ದೇಶಕಿಯದ್ದು, 103 ನಿಮಿಷ. ಮೂಲ ಜಪಾನಿನ ಕಾಮಿಕ್ಸ್ ಪುಸ್ತಕ, ಜಪಾನಿನಲ್ಲೂ ಇದೇ ಕಥೆ ಸಿನಿಮಾ ಆಗಿದೆ, ಆದ್ರೆ ನನಗೆ ಕೊರಿಯಾದ್ದೇ ಹತ್ರ. ಹೇ-ವೊನ್ ಅನ್ನೋ ಹುಡುಗಿ ಟೀಚರ್ ಆಗೋಕೆ ಬರೆದ ಪರೀಕ್ಷೆ ಫೇಲ್ ಆಗಿ, ಯಾರಿಗೂ ಹೇಳ್ದೆ ಕೇಳ್ದೆ ಚಳಿಗಾಲದಲ್ಲಿ ಊರಿಗೆ ವಾಪಸ್ ಬರ್ತಾಳೆ. ಮನೆ ಖಾಲಿ, ಅವಳು ಹೈಸ್ಕೂಲ್ ಮುಗಿಸೋ ಹೊತ್ತಿಗೇ ಅಮ್ಮ ಮನೆ ಬಿಟ್ಟು ಹೋಗಿರ್ತಾಳೆ. ಬಂದ ರಾತ್ರಿ ಹಸಿವು, ಹಿಮ ಕೆದಕಿ ಅಡಿಯಿಂದ ಒಂದು ಕೋಸು ಕಿತ್ತು ತಂದು ಸಾರು ಮಾಡ್ಕೊಂಡು ಸುರ್ ಅಂತ ಕುಡೀತಾಳೆ. ಅಲ್ಲಿಂದ ಒಂದು ವರ್ಷ ಪೂರ್ತಿ, ನಾಲ್ಕೂ ಋತು, ಬಿತ್ತೋದು ಬೆಳೆಯೋದು ಅಡುಗೆ ಮಾಡೋದು ಇಬ್ಬರು ಗೆಳೆಯರ ಜೊತೆ ತಿನ್ನೋದು. ನಾಲ್ಕೂ ಕಾಲದಲ್ಲಿ ಹೋಗಿ ಶೂಟ್ ಮಾಡಿದಾರೆ, ಸೆಟ್ ಹಾಕಿದ ಹಸಿರಲ್ಲ ಅಂತ ನೋಡಿದ್ರೇ ಗೊತ್ತಾಗುತ್ತೆ.

ಪರೀಕ್ಷೆ ಫೇಲ್ ಆದವರು, ಕೆಲಸ ಬಿಟ್ಟು ಊರಿಗೆ ಬಂದು ಕೂತವರು, ಎಲ್ಲರಿಗಿಂತ ಮೊದಲು ನೀವು ನೋಡಿ. ಇದರಲ್ಲಿ ಈರುಳ್ಳಿ ವಿಷಯ ಒಂದು ಬರುತ್ತೆ. ಸಸಿಮಡಿಯಲ್ಲಿ ಬೆಳೆಸಿದ ಸಸಿನ ಕಿತ್ತು ಖಾಯಂ ಜಾಗಕ್ಕೆ ನಾಟಿ ಮಾಡೋದಕ್ಕೆ ಅವರ ಭಾಷೇಲಿ ಬೇರೇನೇ ಪದ ಇದೆ, ಆಮೇಲೆ ಅದನ್ನ ಎಲ್ಲೂ ಕದಲಿಸಲ್ಲ. ಚಳಿಗಾಲ ತಡ್ಕೊಂಡು ಉಳಿದ ಈರುಳ್ಳಿ ಇನ್ನೂ ಸಿಹಿ ಅಂತೆ. ಹೇ-ವೊನ್ ಮತ್ತೆ ಸಿಟಿಗೆ ಹೋಗ್ತಾಳಾ ಊರಲ್ಲೇ ಉಳೀತಾಳಾ ಅನ್ನೋ ಪ್ರಶ್ನೆ ಪೂರ್ತಿ ಆ ಈರುಳ್ಳಿ ಮಡಿಯಲ್ಲೇ ಇದೆ. ನಮ್ಮ ತಾತ ಭತ್ತದ ಪೈರು ಕೀಳುವಾಗ ಬೇರಿಗೆ ಪೆಟ್ಟಾಗದ ಹಾಗೆ ಕಿತ್ತು ಕಂತೆ ಕಟ್ಟಿ ಕೆಸರಲ್ಲಿ ಊರೋದನ್ನ ನೋಡಿ ಬೆಳೆದೋನು ನಾನು, ಆದ್ರೂ ಅದು ಮನುಷ್ಯರ ಮಾತು ಅಂತ ಹೊಳೆದಿದ್ದು ಈ ಸಿನಿಮಾ ನೋಡಿದ ಮೇಲೇ. ಒಂದು ಕೊರತೆ ಹೇಳ್ಬೇಕು ಅಂದ್ರೆ ಬೇಸಾಯದ ಕಷ್ಟ, ಸಾಲ, ಬೆಳೆಗೆ ರೇಟ್ ಸಿಗದೆ ಇರೋದು ಇದೆಲ್ಲ ಇಲ್ಲಿ ಹೆಚ್ಚು ಬರಲ್ಲ, ಹಳ್ಳಿ ಕಡೆ ಬೆಳೆದವರಿಗೆ ಅದು ಗೊತ್ತಾಗುತ್ತೆ.

ಆದ್ರೆ ಅಡುಗೆ ಸೀನ್‌ಗಳು, ಅಯ್ಯೋ. ಅಲ್ಲಿ ಒಂದು ಬಿಳಿ ಹೂವಿನ ಗೊಂಚಲನ್ನ ಹಾಗೇ ಹಿಟ್ಟಲ್ಲಿ ಅದ್ದಿ ಎಣ್ಣೆಗೆ ಬಿಡ್ತಾರೆ, ನಮ್ಮ ಬಜ್ಜಿ ಥರ. ಅಮ್ಮ ಬಿಟ್ಟುಹೋದ ಮನೇಲಿ ಅಮ್ಮನ ಅಡುಗೆಗಳನ್ನ ಒಂದೊಂದೇ ನೆನಪು ಮಾಡ್ಕೊಂಡು, ತನ್ನದೇ ಒಂದು ಬದಲಾವಣೆ ಮಾಡಿ ಮಾಡ್ತಾಳೆ ಆ ಹುಡುಗಿ. ಹೋದ ವರ್ಷ ಯುಗಾದಿ ಹಿಂದಿನ ದಿನ ಇದನ್ನ ಅಪ್ಪಂಗೆ ಹಾಕಿ ತೋರಿಸ್ದೆ, ಆ ಹೂವಿನ ಸೀನ್ ಬಂದಾಗ ನಿಲ್ಲಿಸು ಅಂದ್ರು, ಮತ್ತೆ ಹಿಂದೆ ಹಾಕಿಸ್ಕೊಂಡು ನೋಡಿದ್ರು, ಏನೂ ಹೇಳಲಿಲ್ಲ.

ಹಬ್ಬ ಆಗಿ ಎರಡು ದಿನಕ್ಕೆ ಬೆಳಗ್ಗೆ ಎದ್ದು ನೋಡಿದ್ರೆ ಹಿತ್ತಲಲ್ಲಿ ಬೇವಿನ ಮರದ ಕೆಳಗೆ ಅಪ್ಪನ ಹಳೇ ಪಂಚೆ ಹಾಸಿದೆ, ಅಮ್ಮ ಇದ್ದಾಗ ಹಾಸ್ತಿದ್ರಲ್ಲ ಅದೇ ಜಾಗದಲ್ಲಿ. ರಾತ್ರಿ ಉದುರಿದ ಹೂವೆಲ್ಲ ಅದರ ಮೇಲೆ, ಸಣ್ಣ ಸಣ್ಣದು, ಬೆಳ್ಳಗೆ. ಅಪ್ಪ ಕುಕ್ಕರಗಾಲಲ್ಲಿ ಕೂತು ಕಡ್ಡಿ ಆರಿಸ್ತಿದ್ರು. ಮೊರದಲ್ಲಿ ಹರಡಿ ಬಿಸಿಲಿಗಿಟ್ಟು ಒಣಗಿಸಿ, ಮಧ್ಯಾಹ್ನ ತುಪ್ಪದಲ್ಲಿ ಒಣಮೆಣಸಿನಕಾಯಿ ಜೊತೆ ಕಪ್ಪಾಗೋವರೆಗೂ ಹುರಿದು ಬಿಸಿ ಅನ್ನಕ್ಕೆ ಹಾಕಿ ಕೊಟ್ರು. ಉಪ್ಪು ಜಾಸ್ತಿ ಆಗಿತ್ತು. ಇಬ್ಬರೂ ಇನ್ನೊಂದು ಸಲ ಬಡಿಸ್ಕೊಂಡ್ವಿ.