13 ಅಡಿಯ ಸ್ಪೇ ರಾಡ್: ಹತ್ತು ವರ್ಷ ಬಳಸಿದ ಮೇಲೆ

ಎರಡೂ ಕೈಗಳಿಂದ ಬೀಸುವ ಫ್ಲೈ ರಾಡ್ ಇದು, ಅಂದರೆ ಗರಿ, ದಾರ ಸುತ್ತಿದ ಹಗುರ ಕೊಕ್ಕೆಯನ್ನು (ಫ್ಲೈ) ಲೈನಿನ ಭಾರದಿಂದಲೇ ಎಸೆಯುವ ಗಾಳದ ಕೋಲು. ಉದ್ದ 13 ಅಡಿ, 7 ವೇಟ್ (ಅದಕ್ಕೆ ಹೊಂದುವ ಲೈನಿನ ತೂಕದ ಅಳತೆ), ನಾಲ್ಕು ತುಂಡುಗಳ ಕಾರ್ಬನ್ ಫೈಬರ್. ಹತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಮತ್ತು ಸಾಕ್ ನದಿಗಳಲ್ಲಿ ಚಳಿಗಾಲದ ಸ್ಟೀಲ್‌ಹೆಡ್‌ಗಾಗಿಯೂ ಒರೆಗಾನ್‌ನ ಡಿಶೂಟ್ಸ್‌ನಲ್ಲಿ ಬೇಸಗೆಯ ಮೀನಿಗಾಗಿಯೂ ಇದನ್ನೇ ಹಿಡಿದಿದ್ದೇನೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ಈ ಅಳತೆಯ ರಾಡನ್ನು ಹಲವರು ತಯಾರಿಸುತ್ತಾರೆ, ನಾನು ಹೇಳುವುದರಲ್ಲಿ ಹೆಚ್ಚಿನದು ಎಲ್ಲಕ್ಕೂ ಸಲ್ಲುತ್ತದೆ.

ಸ್ಟೀಲ್‌ಹೆಡ್ ಎಂದರೆ ಸಮುದ್ರಕ್ಕೆ ಹೋಗಿ ನದಿಗೆ ಮರಳುವ ರೇನ್‌ಬೋ ಟ್ರೌಟ್. ಇಲ್ಲಿನ ಸಾಲ್ಮನ್ ಒಮ್ಮೆ ಮೊಟ್ಟೆಯಿಟ್ಟು ಸಾಯುತ್ತದೆ. ಸ್ಟೀಲ್‌ಹೆಡ್ ಬದುಕುಳಿದು ಮತ್ತೆ ಕಡಲು ಸೇರಬಲ್ಲದು, ಇನ್ನೊಮ್ಮೆ ಬರಬಲ್ಲದು. ವಾಷಿಂಗ್ಟನ್‌ನ ರಾಜ್ಯ ಮೀನೂ ಇದೇ. ಆದರೆ ಪ್ಯುಜೆಟ್ ಸೌಂಡ್ ಎಂಬ ಕಡಲ ಕೊಲ್ಲಿಯನ್ನು ಸೇರುವ ನದಿಗಳ ಸ್ಟೀಲ್‌ಹೆಡ್ 2007ರಿಂದ ಅಪಾಯದಂಚಿನ ಪಟ್ಟಿಯಲ್ಲಿದೆ. ಮೀನು ಕಡಿಮೆ, ನೀರು ದೊಡ್ಡದು, ಚಳಿ ವಿಪರೀತ. ಬೆಳಗಿನಿಂದ ಸಂಜೆಯವರೆಗೆ ಬೀಸಿದರೂ ಒಂದು ಎಳೆತವೂ ಸಿಗದ ದಿನಗಳೇ ಹೆಚ್ಚು. ಆದ್ದರಿಂದ ಈ ರಾಡಿನ ಯೋಗ್ಯತೆಯನ್ನು ನಾನು ಅಳೆಯುವುದು ಮೀನು ಸಿಗದ ದಿನಗಳಲ್ಲಿ: ಮಧ್ಯಾಹ್ನದ ನಂತರ ಭುಜದಲ್ಲಿ ಎಷ್ಟು ಶಕ್ತಿ ಉಳಿದಿದೆ, ಇನ್ನೊಮ್ಮೆ ಬೀಸಲು ಮನಸ್ಸು ಬರುತ್ತದೆಯೇ ಎಂಬುದರಿಂದ.

ಆ ಪರೀಕ್ಷೆಯಲ್ಲಿ ಇದಕ್ಕೆ ಪೂರ್ಣ ಅಂಕ. ಸ್ಕ್ಯಾಜಿಟ್ ದಡದ ತುಂಬ ಆಲ್ಡರ್, ಕಾಟನ್‌ವುಡ್ ಮರಗಳು. ಒಂದು ಕೈಯ ರಾಡನ್ನು ತಲೆಯ ಮೇಲಿಂದ ಬೀಸಿದರೆ ಲೈನು ಹಿಂದಿನ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಸ್ಪೇ ಬೀಸಿನಲ್ಲಿ ಲೈನಿನ ತುದಿ ನೀರಿನಲ್ಲೇ ಕಚ್ಚಿಕೊಂಡಿರುತ್ತದೆ, ಉಳಿದ ಭಾಗ ಪಕ್ಕದಲ್ಲೇ ದೊಡ್ಡ ಬಳುಕಾಗಿ ಏಳುತ್ತದೆ, ಆ ಬಳುಕಿನ ಭಾರವೇ ರಾಡನ್ನು ಬಗ್ಗಿಸುತ್ತದೆ. ಹಿಂದೆ ಹೆಚ್ಚು ಜಾಗ ಬೇಕಿಲ್ಲ. ಕಲೆ ಸ್ಕಾಟ್ಲೆಂಡಿನ ಸ್ಪೇ ನದಿಯದು; ಭಾರದ ಫ್ಲೈಗೂ ಮುಳುಗುವ ತುದಿಗೂ ಒಗ್ಗುವ ಗಿಡ್ಡ, ದಪ್ಪ ಲೈನಿಗೆ ಬಂದ ಹೆಸರು ಸ್ಕ್ಯಾಜಿಟ್‌ನದು. ನನ್ನ ರಾಡಿಗೆ ಸರಿಹೊಂದಿದ್ದು 525 ಗ್ರೇನ್, ಅಂದರೆ ಸುಮಾರು 34 ಗ್ರಾಂ ತೂಕದ ಹೆಡ್ (ಲೈನಿನ ಭಾರವಾದ ಮುಂಭಾಗ), ಅದರ ಮುಂದೆ 10 ಅಡಿಯ ಟಿ-11 ಎಂಬ ಮುಳುಗುವ ತುದಿ. ಕಂಪನಿ ಸೂಚಿಸಿದ್ದು ಇದಕ್ಕಿಂತ ಹಗುರವಾದ ಹೆಡ್. ಅದರಲ್ಲಿ ರಾಡು ಬಗ್ಗುವುದೇ ಇಲ್ಲ, ಕೆಲಸವೆಲ್ಲ ತೋಳಿಗೆ ಬೀಳುತ್ತದೆ. ಸರಿಯಾದ ತೂಕ ಸಿಕ್ಕಿದ ಮೇಲೆ ಮೇಲಿನ ಕೈ ಬರೀ ದಾರಿ ತೋರಿಸುತ್ತದೆ, ಕೆಳಗಿನ ಕೈ ಹೊಟ್ಟೆಯತ್ತ ಎಳೆಯುತ್ತದೆ, ಲೈನು ತಾನಾಗಿ ಹೊರಡುತ್ತದೆ.

ಆಮೇಲಿನದೆಲ್ಲ ಕಾಯುವುದು. ಅಡ್ಡಕ್ಕೆ, ಸ್ವಲ್ಪ ಕೆಳಮುಖವಾಗಿ ಬಿದ್ದ ಫ್ಲೈ ಪ್ರವಾಹದಲ್ಲಿ ಬಾಗಿ ನಮ್ಮ ದಡದತ್ತ ತೇಲಿ ಬರುತ್ತದೆ. ನಿಂತಿತೇ, ಎರಡು ಹೆಜ್ಜೆ ಕೆಳಗಿಳಿದು ಮತ್ತೆ ಬೀಸು. ತೀರ್ಥಹಳ್ಳಿಯಲ್ಲಿ ತುಂಗೆಗೆ ಎರೆಹುಳು ಕಟ್ಟಿದ ಗಾಳ ಇಳಿಸಿ ಕೂರುತ್ತಿದ್ದ ಹುಡುಗನಿಗೆ ಹತ್ತಿದ ಮೀನಿನ ಹುಚ್ಚು ಇಷ್ಟು ವರ್ಷವಾದರೂ ಇಳಿದಿಲ್ಲ. ಶುಕ್ರವಾರ ರಾತ್ರಿ ಊಟಕ್ಕೆ ಮೊದಲು ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನ ನೀರಿನ ಮಾಪಕ ನೋಡುತ್ತೇನೆ. ಮಳೆ ಬಂದರೆ ಸಾಕ್ ಬೇಗ ಕದಡುತ್ತದೆ. ಮಟ್ಟ ಇಳಿಯುತ್ತಿದ್ದು, ನೀರು ತಿಳಿ ಹಸಿರಿಗೆ ತಿರುಗುವ ಶನಿವಾರ ಸಿಕ್ಕರೆ ಅದೇ ಹಬ್ಬ.

ಇನ್ನು ತೊಂದರೆಗಳು. ಸ್ಪೇ ಬೀಸಿನಲ್ಲಿ ರಾಡು ತಿರುಚಿಕೊಳ್ಳುವುದರಿಂದ ತುಂಡುಗಳ ಸಂದು ಸಡಿಲವಾಗುತ್ತದೆ. ಮೂರನೆಯ ವರ್ಷದಿಂದ ನಾನು ಪ್ರತಿ ಬಾರಿ ಸಂದಿಗೆ ಸ್ವಲ್ಪ ಮೇಣ ಸವರಿ, ಹೊರಗೆ ವಿದ್ಯುತ್ ಟೇಪ್ ಸುತ್ತುತ್ತೇನೆ. ಈ ಬೆಲೆಗೆ ಇದು ಬೇಡವಾಗಿತ್ತು. ಹಿಡಿಕೆಯ ಕಾರ್ಕ್‌ನ ಗುಳಿಗಳಲ್ಲಿ ತುಂಬಿದ್ದ ಪುಡಿ ಉದುರಿಹೋಗಿದೆ. ನೋಡಲು ಚೆನ್ನಾಗಿಲ್ಲ, ಹಿಡಿಯಲು ತೊಂದರೆಯಿಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗೆ ಗೈಡ್‌ಗಳಲ್ಲಿ, ಅಂದರೆ ಲೈನು ಹಾದುಹೋಗುವ ಉಂಗುರಗಳಲ್ಲಿ, ಮಂಜುಗಡ್ಡೆ ಕಟ್ಟುತ್ತದೆ, ಆದರೆ ಅದು ಎಲ್ಲ ರಾಡಿನ ಹಣೆಬರಹ.

ನಿಜವಾಗಿ ಬೇಸರ ತಂದದ್ದು ವಾರಂಟಿ. ಒಂದು ಫೆಬ್ರವರಿಯಲ್ಲಿ ತುದಿಯ ತುಂಡು ಬೀಸುತ್ತಿರುವಾಗಲೇ ಮುರಿಯಿತು. ಜೀವಮಾನದ ವಾರಂಟಿ ಎಂದು ಬರೆದಿತ್ತು, ಆದರೂ ಶುಲ್ಕ ಕೊಡಬೇಕಾಯಿತು. ಹೊಸ ತುದಿ ಬರುವಷ್ಟರಲ್ಲಿ ಏಪ್ರಿಲ್ ಮುಗಿದಿತ್ತು, ಅಂದರೆ ನಾನು ವರ್ಷವಿಡೀ ಕಾಯುವ ವಾರಗಳೆಲ್ಲ ಹೋದವು. ಬಂದ ತುಂಡಿನ ಬಣ್ಣವೂ ಉಳಿದ ಮೂರಕ್ಕೆ ಹೊಂದಲಿಲ್ಲ. ವಾರಾಂತ್ಯಕ್ಕೆ ಮಾತ್ರ ನದಿಗೆ ಹೋಗಬಲ್ಲವನ ಒಂದು ಋತು ಎಷ್ಟು ಚಿಕ್ಕದು ಎಂಬುದು ಆ ಕಂಪನಿಗೆ ಅರ್ಥವಾಗಬೇಕು.

ಒಂಟಿಯಾಗಿ ಹೋಗುವವರು ಇನ್ನೊಂದನ್ನು ಗಮನಿಸಿ. ಮೀನನ್ನು ದಡಕ್ಕೆ ತರುವಾಗ 13 ಅಡಿ ಉದ್ದ ಅಡ್ಡಿಯೇ. ರಾಡನ್ನು ನೆಟ್ಟಗೆ ಎತ್ತಿ ಹತ್ತಿರ ಎಳೆದರೆ ತುದಿ ಮುರಿಯುವ ಭಯ. ನಾನು ಮೊದಲೇ ಮೆಲ್ಲನೆ ನಡೆದು ಹರಿವು ಮಂದವಾದ ಜಾಗಕ್ಕೆ ಹೋಗಿ, ರಾಡನ್ನು ಪಕ್ಕಕ್ಕೆ ಒರಗಿಸಿ ಮೀನನ್ನು ಅಲ್ಲಿಗೆ ಕರೆತರುತ್ತೇನೆ. ಬೆನ್ನಿನ ಹಿಂಭಾಗದ ಪುಟ್ಟ ರೆಕ್ಕೆ ಇದ್ದರೆ ಅದು ಕಾಡು ಮೀನು. ಮೊಟ್ಟೆಕೇಂದ್ರದಲ್ಲಿ ಬೆಳೆಸಿದವುಗಳಿಗೆ ಅದನ್ನು ಕತ್ತರಿಸಿರುತ್ತಾರೆ. ಕಾಡು ಮೀನನ್ನು ಇಲ್ಲಿ ನೀರಿನಿಂದ ಪೂರ್ತಿ ಎತ್ತುವಂತೆಯೇ ಇಲ್ಲ. ಮುಳ್ಳುಗಂಟಿಲ್ಲದ ಕೊಕ್ಕೆ ಬೆರಳು ತಾಗಿದರೆ ಸಾಕು, ಬಿಟ್ಟುಕೊಳ್ಳುತ್ತದೆ. ಒಮ್ಮೆ ಬಾಲ ಬೀಸಿದರೆ ಅಂಗೈ ತುಂಬ ತಣ್ಣೀರು ಮಾತ್ರ ಉಳಿಯುತ್ತದೆ, ನನಗೆ ಅಷ್ಟು ಸಂತೋಷ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಕೊಳ್ಳುವ ಮುನ್ನ ನದಿಯ ಸ್ಥಿತಿಯನ್ನೂ ವಿಚಾರಿಸಿ. ಹಿಡಿದು ಬಿಡುವ ವಸಂತ ಋತು ಸ್ಕ್ಯಾಜಿಟ್‌ನಲ್ಲಿ ಹಲವು ವರ್ಷ ಮುಚ್ಚಿದ್ದು 2018ರಲ್ಲಿ ಮತ್ತೆ ತೆರೆಯಿತು. ಈಗಲೂ ಮರಳುವ ಮೀನಿನ ಅಂದಾಜು ಕಡಿಮೆಯಾದರೆ ಮುಚ್ಚುತ್ತಾರೆ, ಮುಚ್ಚಲೇಬೇಕು. ಹೊಸಬರು ಸಾವಿರ ಡಾಲರ್ ದಾಟುವ ರಾಡಿಗೆ ಹೋಗಬೇಡಿ. ಅದರ ಅರ್ಧ ಬೆಲೆಯ ರಾಡು ಕೊಂಡು, ಉಳಿದ ಹಣದಲ್ಲಿ ಸರಿಯಾದ ಲೈನು ತೆಗೆದುಕೊಂಡು ಒಂದು ದಿನ ಬೀಸುವ ಪಾಠ ಹೇಳಿಸಿಕೊಳ್ಳಿ. ಹಳೆಯದನ್ನು ಕೊಳ್ಳುವುದಾದರೆ ನಾಲ್ಕೂ ತುಂಡು ಜೋಡಿಸಿ, ತುದಿ ಹಿಡಿದು ಅಲ್ಲಾಡಿಸಿ. ಸಂದಿನಲ್ಲಿ ಟಕ್ ಎಂಬ ಸದ್ದು ಕೇಳಿದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಬಿಟ್ಟುಬಿಡಿ.