ಫಾಲ್ ಕ್ರೀಕ್ ಜಲಾಶಯದ ನೀರಿಳಿಕೆ: ಸಾಲ್ಮನ್ ಮರಿಗಳಿಗೆ ಸಿಕ್ಕ ದಾರಿ

ಅಮೆರಿಕದ ಆರೆಗನ್ ರಾಜ್ಯದ ಯೂಜೀನ್ ನಗರದ ಆಗ್ನೇಯಕ್ಕೆ, ಬೆಟ್ಟಗಳ ನಡುವೆ ಇರುವ ಫಾಲ್ ಕ್ರೀಕ್ ಜಲಾಶಯವನ್ನು ನಾನು ಮೊದಲು ನೋಡಿದ್ದು ಜುಲೈ ತಿಂಗಳಲ್ಲಿ. ಆಗ ದಡದವರೆಗೂ ನೀರಿತ್ತು, ದೋಣಿಗಳಿದ್ದವು. ಎರಡನೆಯ ಸಲ ಹೋದದ್ದು ಡಿಸೆಂಬರಿನಲ್ಲಿ. ಬೇಸಿಗೆಯಲ್ಲಿ ದೋಣಿ ಓಡಿದ್ದ ಜಾಗದಲ್ಲಿ ಕಪ್ಪು ಕೆಸರಿನ ಬಯಲು, ಅದರಲ್ಲಿ ಕಡಿದು ಬಿಟ್ಟ ಮರಗಳ ಬೊಡ್ಡೆಗಳು, ನಡುವೆ ತನ್ನ ಹಳೆಯ ಪಾತ್ರವನ್ನೇ ಹಿಡಿದು ಹರಿಯುತ್ತಿದ್ದ ಒಂದು ಸಣ್ಣ ಹೊಳೆ. ಲಿಂಗನಮಕ್ಕಿಯ ನೀರು ತಗ್ಗಿದಾಗ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣಿಸುವುದನ್ನು ನೋಡಿ ಬೆಳೆದ ನನಗೆ ಬರಿದಾದ ಜಲಾಶಯ ಹೊಸದಲ್ಲ. ಆದರೆ ಮೀನಿಗಾಗಿಯೇ, ಬೇಕೆಂದೇ ಬರಿದು ಮಾಡಿದ್ದನ್ನು ಕಂಡದ್ದು ಅದೇ ಮೊದಲು. ಈ ಬರಹ ಆ ವ್ಯವಸ್ಥೆಯ ವಿಮರ್ಶೆ.

ಅಣೆಕಟ್ಟನ್ನು ಕಟ್ಟಿ ಈಗಲೂ ನಡೆಸುತ್ತಿರುವುದು ಅಮೆರಿಕ ಸೇನೆಯ ಎಂಜಿನಿಯರುಗಳ ದಳ. 1966ರಲ್ಲಿ ಮುಗಿದ ಈ ಕಟ್ಟೆಯ ಮುಖ್ಯ ಕೆಲಸ ಪ್ರವಾಹ ತಡೆಯುವುದು. ಇಲ್ಲಿ ವಿದ್ಯುತ್ ಉತ್ಪಾದನೆ ಇಲ್ಲ. ಮೇಲಿನ ತೊರೆಗಳಲ್ಲಿ ಹುಟ್ಟುವ ಚಿನೂಕ್ ಸಾಲ್ಮನ್ ಮರಿಗಳು ಸಮುದ್ರ ಸೇರಬೇಕಾದರೆ ಈ ಕಟ್ಟೆಯನ್ನು ದಾಟಲೇಬೇಕು. ಅವು ಈಜುವುದು ನೀರಿನ ಮೇಲ್ಭಾಗದಲ್ಲಿ, ತೂಬಿನ ಬಾಯಿ ಇರುವುದು ತಳದಲ್ಲಿ. ಜಲಾಶಯ ತುಂಬಿದ್ದಾಗ ಮರಿಗಳಿಗೆ ತೂಬು ಸಿಗುವುದೇ ಕಷ್ಟ. ಸಿಕ್ಕರೂ, ಆಳದ ಒತ್ತಡದಿಂದ ಒಮ್ಮೆಲೇ ಹೊರಬೀಳುವಾಗ ಮೈಯೊಳಗಿನ ಗಾಳಿಚೀಲ ಹಿಗ್ಗಿ ಪೆಟ್ಟಾಗುತ್ತದೆ. ಕಟ್ಟುವಾಗಲೇ ಮರಿಗಳಿಗೆಂದು ಬೇರೆ ಬೇರೆ ಎತ್ತರದಲ್ಲಿ ಕೊಳವೆಯ ಬಾಯಿಗಳನ್ನು ಇಟ್ಟಿದ್ದರೂ ಅವು ನಿರೀಕ್ಷಿಸಿದ ಕೆಲಸ ಮಾಡಲಿಲ್ಲ.

ಈ ತೊಡಕಿಗೆ ಕಂಡುಕೊಂಡ ಉಪಾಯ ಬಹಳ ಸರಳ. ಬೇಸಿಗೆಯಲ್ಲಿ ಸಮುದ್ರಮಟ್ಟದಿಂದ ಸುಮಾರು 830 ಅಡಿ ಇರುವ ನೀರಿನ ಮಟ್ಟವನ್ನು ಮಾಮೂಲಿ ಚಳಿಗಾಲದಲ್ಲಿ 728 ಅಡಿಗೆ ತಂದು ನಿಲ್ಲಿಸುತ್ತಿದ್ದವರು, 2011ರಿಂದ ಪ್ರತಿ ವರ್ಷ ಇನ್ನೂ ಕೆಳಕ್ಕೆ, 680 ಅಡಿಗೆ, ಅಂದರೆ ಹೆಚ್ಚುಕಡಿಮೆ ಹೊಳೆಯ ತಳದವರೆಗೆ ಇಳಿಸುತ್ತಾರೆ. ಆಗ ತೂಬಿನ ಬಾಯಿ ನೀರಿನ ಮೇಲ್ಮೈಗೆ ಹತ್ತಿರವಾಗುತ್ತದೆ, ಹರಿವೇ ಮರಿಗಳನ್ನು ಅತ್ತ ಎಳೆದುಕೊಂಡು ಹೋಗುತ್ತದೆ. ಹೊಸ ಕಟ್ಟಡ ಬೇಡ, ಯಂತ್ರ ಬೇಡ. ಇರುವ ಗೇಟುಗಳನ್ನು ಸರಿಯಾದ ಕಾಲಕ್ಕೆ ತೆರೆದರೆ ಸಾಕು. ನನ್ನನ್ನು ತುಂಬ ಮೆಚ್ಚಿಸಿದ್ದು ಇದೇ. ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನು ಎತ್ತಿಹಿಡಿದಿದೆ: ಮರಿಗಳು ದಾಟುವುದು ಸುಲಭವಾಗಿದೆ, ಮರಳಿ ಬರುವ ದೊಡ್ಡ ಮೀನುಗಳ ಸಂಖ್ಯೆ ಸುಧಾರಿಸಿದೆ, ಮರಿಗಳನ್ನು ತಿನ್ನುವ ಹೊರಗಿನ ಜಾತಿಗಳಾದ ಬ್ಯಾಸ್ ಮತ್ತು ಕ್ರಾಪಿ ಮೀನುಗಳು ಬಹಳಷ್ಟು ಕಡಿಮೆಯಾಗಿವೆ. 1999ರಿಂದಲೇ ಅಪಾಯದಲ್ಲಿರುವ ಮೀನೆಂದು ಕಾನೂನಿನ ರಕ್ಷಣೆ ಪಡೆದಿರುವ ತಳಿಗೆ ಇದು ದೊಡ್ಡ ಆಸರೆ.

ಕೊರತೆ ಇರುವುದು ಹೂಳಿನಲ್ಲಿ. ತೂಬಿನ ಕೆಳಗೆ ನಿಂತು ನೋಡಿದಾಗ, ಗದ್ದೆ ಉತ್ತ ದಿನ ಕಾಲುವೆಯಲ್ಲಿ ಹರಿಯುವಂಥ ರಾಡಿ ನೀರೇ ಹೊರಬರುತ್ತಿತ್ತು. ದಶಕಗಳಿಂದ ತಳದಲ್ಲಿ ಕೂತ ಮಣ್ಣು ಕೆಳಗಿನ ನದಿಗೆ ಇಳಿಯುತ್ತದೆ. ಫಾಲ್ ಕ್ರೀಕಿನಲ್ಲಿ ಇದನ್ನು ಸಹಿಸಬಹುದು. ಆದರೆ 2021ರ ನ್ಯಾಯಾಲಯದ ಆದೇಶದ ನಂತರ ಇದೇ ಕ್ರಮವನ್ನು ಇನ್ನೂ ದೊಡ್ಡದಾದ ಗ್ರೀನ್ ಪೀಟರ್ ಜಲಾಶಯದಲ್ಲಿ 2023ರಲ್ಲಿ ಮೊದಲ ಸಲ ಮಾಡಿದಾಗ, ಒತ್ತಡದ ಏರುಪೇರಿನಿಂದ ಸಾವಿರಾರು ಕೊಕನಿ ಮೀನುಗಳು ಸತ್ತವು, ಕೆಳಗಿನ ಸ್ವೀಟ್ ಹೋಮ್ ಮತ್ತು ಲೆಬನಾನ್ ಪಟ್ಟಣಗಳ ಕುಡಿಯುವ ನೀರಿನ ಘಟಕಗಳು ಕೆಸರಿನೊಂದಿಗೆ ಹೆಣಗಾಡಿದವು. ನೀರಿಳಿಕೆಯ ವಿರೋಧಿಗಳು ಈ ಪ್ರಸಂಗವನ್ನೇ ಮುಂದಿಡುತ್ತಾರೆ, ಅವರ ಸಿಟ್ಟು ನ್ಯಾಯವಾದದ್ದೇ. ಒಂದು ಸಣ್ಣ ಜಲಾಶಯದಲ್ಲಿ ವರ್ಷವರ್ಷವೂ ಮಾಡಿ ಕಲಿತದ್ದನ್ನು ದೊಡ್ಡದಕ್ಕೆ ಹಾಗೆಯೇ ಹೊಂದಿಸಲಾಗದು. ಕೆಳಗಿನ ಊರುಗಳ ನೀರಿನ ಘಟಕಗಳನ್ನು ಮೊದಲು ಸಜ್ಜುಗೊಳಿಸಿ, ಆಮೇಲೆ ಗೇಟು ತೆಗೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನೊಂದು ಮಿತಿಯೂ ಇದೆ. ನೀರಿಳಿಕೆ ನೆರವಾಗುವುದು ಕೆಳಗಿಳಿಯುವ ಮರಿಗಳಿಗೆ ಮಾತ್ರ. ಸಮುದ್ರದಿಂದ ಮರಳಿ ಬರುವ ತಾಯಿ ಮೀನುಗಳನ್ನು ಕಟ್ಟೆಯ ಬುಡದಲ್ಲಿ ಹಿಡಿದು, ನೀರಿನ ಟ್ಯಾಂಕ್ ಇರುವ ಲಾರಿಯಲ್ಲಿ ತುಂಬಿ ಮೇಲಿನ ತೊರೆಗೆ ಬಿಡಬೇಕಾಗುತ್ತದೆ.

ಫಾಲ್ ಕ್ರೀಕಿನ ಮಟ್ಟಿಗೆ ಐದರಲ್ಲಿ ನಾಲ್ಕು ಅಂಕವನ್ನು ಮನಸಾರೆ ಕೊಡುತ್ತೇನೆ; ಕಳೆದ ಒಂದು ಅಂಕ ಹೂಳಿಗೆ. ನೋಡಲು ಹೋಗುವವರು ಚಳಿಗಾಲದ ಆರಂಭದಲ್ಲಿ, ಮಳೆಗೆ ತಯಾರಾಗಿ ಹೋಗಿ. ಗಟ್ಟಿಯಾಗಿ ಕಾಣುವ ಕೆಸರಿನ ಮೇಲೆ ಕಾಲಿಡಬೇಡಿ. ನಾನು ಎರಡೇ ಹೆಜ್ಜೆಗೆ ಮೊಣಕಾಲವರೆಗೆ ಹೂತು, ಒಂದು ಬೂಟನ್ನು ಕೈಯಿಂದ ಎಳೆದು ತೆಗೆಯಬೇಕಾಯಿತು. ತಳದಲ್ಲಿ ಹಿಂದಿನ ಮೂಲನಿವಾಸಿಗಳ ಕಲ್ಲಿನ ಉಪಕರಣಗಳೇನಾದರೂ ಕಂಡರೆ ಎತ್ತಿಕೊಳ್ಳುವುದು ಅಪರಾಧ, ಹಾಗಾಗಿ ಇದ್ದಲ್ಲೇ ಬಿಟ್ಟು ಬನ್ನಿ.