ಲೈಫ್ ಜಾಕೆಟ್ ಕೊಳ್ಳುವ ಮುಂಚೆ ಭುಜದ ಪಟ್ಟಿ ಎಳೆಸಿ ನೋಡಿ

ಹೊಸದಾಗಿ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ) ಕಲಿಯುತ್ತಿರುವವರು ದಯವಿಟ್ಟು ಇದನ್ನು ಓದಿ. ಹೋದ ತಿಂಗಳು ನಾನು ಕೆರೆಯ ನಡುವೆ ಮಗುಚಿ ಬಿದ್ದೆ. ಗಾಳಿ ಇರಲಿಲ್ಲ, ಅಲೆಯೂ ಇರಲಿಲ್ಲ. ಹಿಂದೆ ಬರುತ್ತಿದ್ದ ಗೆಳೆಯನನ್ನು ನೋಡಲು ತಿರುಗಿದೆ, ಆಯ ತಪ್ಪಿತು.

ನೀರಿಗೆ ಬಿದ್ದ ಕೂಡಲೇ ಲೈಫ್ ಜಾಕೆಟ್ ಸರ್ರನೆ ಮೇಲೆ ಜಾರಿ ಬಾಯಿ, ಮೂಗಿಗೆ ಒತ್ತಿಕೊಂಡಿತು. ಎರಡೂ ಕೈಯಲ್ಲಿ ಕೆಳಗೆ ಎಳೆದು ಹಿಡಿದರೆ ಮಾತ್ರ ಉಸಿರು. ಬಿಟ್ಟರೆ ಮತ್ತೆ ಮುಖದ ಮೇಲೆ. ದೋಣಿ ಹಿಡಿಯೋಣವೆಂದರೆ ಕೈ ಬಿಡುವಿಲ್ಲ. ಅಷ್ಟು ಹೆದರಿದ್ದು ನನಗೆ ನೆನಪಿಲ್ಲ.

ತಪ್ಪಾಗಿದ್ದು ಕೊಳ್ಳುವಾಗಲೇ. "ಒಂದು ಸೈಜ್ ದೊಡ್ಡದೇ ಇರಲಿ, ಆರಾಮಾಗಿರುತ್ತೆ" ಎಂದರು ಅಂಗಡಿಯವರು. ನಾನೂ ಒಪ್ಪಿಕೊಂಡೆ. ನೀವು ಹಾಗೆ ಮಾಡಬೇಡಿ. ಜಿಪ್ ಹಾಕಿ, ಮೊದಲು ಸೊಂಟದ ಪಟ್ಟಿ, ಆಮೇಲೆ ಭುಜದ ಪಟ್ಟಿ ಬಿಗಿ ಮಾಡಿ. ಜೊತೆಗಿದ್ದವರಿಗೆ ಎರಡೂ ಭುಜದ ಪಟ್ಟಿ ಹಿಡಿದು ಜೋರಾಗಿ ಮೇಲೆತ್ತಲು ಹೇಳಿ. ಜಾಕೆಟ್ ಗದ್ದ ದಾಟಿ ಬಂತಾ? ಅದು ನಿಮ್ಮ ಅಳತೆಯದ್ದಲ್ಲ. ಕುಳಿತೂ ನೋಡಿ. ಜಾಕೆಟಿನ ಬೆನ್ನಿನ ಕೆಳಭಾಗ ದಪ್ಪಗಿದ್ದರೆ ಸೀಟಿನ ಒರಗು ಅದನ್ನು ಮೇಲೆ ತಳ್ಳುತ್ತದೆ. ಒಳಗಿನ ಲೇಬಲ್ ಕೂಡ ಓದಿ. ತೇಲಿಸುವ ಬಲ 50 ನ್ಯೂಟನ್ ಎಂದಿದ್ದರೆ ಅದು ಈಜು ಬರುವವರಿಗೆ, ಸಹಾಯ ಹತ್ತಿರ ಇರುವ ಕಡೆಗೆ. ಪ್ರಜ್ಞೆ ತಪ್ಪಿದರೆ ಅದು ಮುಖವನ್ನು ಮೇಲೆ ತಿರುಗಿಸುತ್ತದೆ ಎಂದು ನಂಬಬೇಡಿ.

ನನ್ನ ದೋಣಿ ಸೆಕೆಂಡ್ ಹ್ಯಾಂಡ್. ಒಳಗೆಲ್ಲ ನೀರು ತುಂಬದಂತೆ ತಡೆಯುವ ಅಡ್ಡಗೋಡೆಯೂ ಇಲ್ಲ, ಗಾಳಿಚೀಲವೂ ಇಲ್ಲ. ಮೂತಿಯಿಂದ ಬಾಲದವರೆಗೆ ನೀರು ತುಂಬಿತು. ಒಂದು ಲೀಟರ್ ನೀರೆಂದರೆ ಒಂದು ಕೆಜಿ ಅಲ್ವಾ, ಇಬ್ಬರೂ ಸೇರಿ ಎಳೆದರೂ ಅದು ಅಲ್ಲಾಡಲಿಲ್ಲ. ಕೊನೆಗೆ ಗೆಳೆಯನ ದೋಣಿಯ ಹಿಂತುದಿ ಹಿಡಿದುಕೊಂಡು ದಡ ಸೇರಿದೆ. ಇಂಥ ದೋಣಿ ಇದ್ದವರು ಎರಡೂ ತುದಿಗೆ ಗಾಳಿಚೀಲ ತುರುಕಿ, ಕಟ್ಟಿಕೊಳ್ಳಿ. ಈಗಷ್ಟೇ ಶುರು ಮಾಡುವವರಿಗೆ ಒಳಗಲ್ಲ, ಮೇಲೆ ಕೂರುವ (ಸಿಟ್-ಆನ್-ಟಾಪ್) ಕಯಾಕೇ ವಾಸಿ. ಅದರ ತೂತುಗಳಿಂದ ನೀರು ತಾನೇ ಇಳಿದುಹೋಗುತ್ತದೆ, ಹತ್ತಿ ಕೂರುವುದೂ ಸುಲಭ.

ಪ್ಯಾಡಲ್, ಅಂದರೆ ಹುಟ್ಟಿನ ಬಗ್ಗೆ ಒಂದೇ ಮಾತು. ಸಾಮಾನ್ಯವಾಗಿ 210ರಿಂದ 240 ಸೆಂಟಿಮೀಟರ್ ಉದ್ದದವು ಸಿಗುತ್ತವೆ. ದೋಣಿ ಅಗಲವಿದ್ದಷ್ಟೂ ಉದ್ದದ್ದು ಬೇಕು. ಗಿಡ್ಡದಾದರೆ ಪ್ರತಿ ಸಲವೂ ಗೆಣ್ಣು ದೋಣಿಯ ಅಂಚಿಗೆ ತಾಗಿ ಸುಲಿಯುತ್ತದೆ.

ಹೊಸ ಜಾಕೆಟ್ ತಂದ ದಿನವೇ ಎದೆಮಟ್ಟದ ನೀರಿನಲ್ಲಿ, ಗೆಳೆಯನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಬೇಕೆಂದೇ ಮಗುಚಿದೆ. ಗದ್ದ ನೀರಿನ ಮೇಲಿತ್ತು. ಎರಡೂ ಕೈ ದೋಣಿಯ ಮೇಲಿದ್ದವು.